ಸುಗಂಧ ತೈಲ: ಮಾರುವ ಮುನ್ನ ಮೂರು ಸಲ ಮೂಸಿ ನೋಡಿ

ರಾಗಿ, ಜೋಳ, ಕಡಲೆಕಾಯಿಗಳ ಗುಣವನ್ನು ಅರಿಯಲು ನಮ್ಮ ರೈತರಿಗೆ ಯಾರೂ ಕಲಿಸಬೇಕಾಗಿಲ್ಲ. ಒಂದು ಹಿಡಿ ಕಾಳನ್ನು ಅಂಗೈಯಲ್ಲಿ ಹರಡಿ, ಒಂದೆರಡನ್ನು ಹಲ್ಲಿನಿಂದ ಕಡಿದು, ಸರಿಯಾಗಿ ಒಣಗಿದೆಯೋ ಇಲ್ಲವೋ, ಜೊಳ್ಳೆಷ್ಟು, ಗಟ್ಟಿಯೆಷ್ಟು ಎಂದು ನಿಂತ ನಿಲುವಿನಲ್ಲೇ ಹೇಳಬಲ್ಲರು. ಆದರೆ ಅದೇ ರೈತರು ದವನವನ್ನೋ ಲಾವಂಚವನ್ನೋ ಬೆಳೆದು, ಬಟ್ಟಿ ಇಳಿಸಿ, ಎಣ್ಣೆಯ ಡಬ್ಬಿಯನ್ನು ವ್ಯಾಪಾರಿಯ ಮುಂದೆ ಇಟ್ಟಾಗ ಮಾತು ಕಟ್ಟಿಹೋಗುತ್ತದೆ. ವ್ಯಾಪಾರಿ ಒಂದು ಕಾಗದದ ಪಟ್ಟಿಯನ್ನು ಎಣ್ಣೆಯಲ್ಲಿ ಅದ್ದಿ ಮೂಸಿ, “ಇದರಲ್ಲಿ ಸೀದ ವಾಸನೆ ಇದೆ” ಎಂದೋ “ಇದಕ್ಕೆ ತಳವೇ ಇಲ್ಲ” ಎಂದೋ ಹೇಳಿದರೆ, ಅದು ನಿಜವಾದ ದೋಷವೋ ಬೆಲೆ ಇಳಿಸುವ ಉಪಾಯವೋ ತಿಳಿಯುವುದಿಲ್ಲ.

ಇದು ಸಣ್ಣ ಸಂಗತಿಯಲ್ಲ. ಒಂದು ಹೆಕ್ಟೇರು ದವನದಿಂದ ದೊರೆಯುವ ಎಣ್ಣೆ ಸುಮಾರು 10ರಿಂದ 15 ಕಿಲೋಗ್ರಾಂ ಮಾತ್ರ. ಸಸಿಮಡಿಯಿಂದ ಬಟ್ಟಿಯವರೆಗಿನ ನಾಲ್ಕು ತಿಂಗಳ ದುಡಿಮೆ, ಗೊಬ್ಬರ, ಆಳು, ಸೌದೆ ಎಲ್ಲವೂ ಒಂದೇ ಡಬ್ಬಿಯೊಳಗೆ ಅಡಗಿ ಕುಳಿತಿರುತ್ತವೆ. ಆ ಡಬ್ಬಿಯ ಬೆಲೆ ತೂಕದಿಂದ ಮಾತ್ರವಲ್ಲದೆ ಕಂಪಿನಿಂದಲೂ ನಿರ್ಧಾರವಾಗುತ್ತದೆ. ಆದ್ದರಿಂದ ಸುಗಂಧ ಬೆಳೆ ಬೆಳೆಯುವವರು ಗುದ್ದಲಿ, ಕುಡುಗೋಲುಗಳ ಜೊತೆಗೆ ತಮ್ಮ ಮೂಗನ್ನೂ ಹದಗೊಳಿಸಿಕೊಳ್ಳಬೇಕಾದುದು ಅಗತ್ಯ. ಇದಕ್ಕೆ ವಿಶೇಷ ಪ್ರತಿಭೆ ಬೇಕಿಲ್ಲ. ಕ್ರಮವರಿತು ಮೂಸುವ ಅಭ್ಯಾಸವಿದ್ದರೆ ಸಾಕು.

ಕಂಪಿಗೂ ಕಾಲಕ್ರಮವಿದೆ

ಸುಗಂಧ ತೈಲವೆಂದರೆ ಒಂದೇ ವಸ್ತುವಲ್ಲ. ಹತ್ತಾರು, ಕೆಲವೊಮ್ಮೆ ನೂರಾರು ರಾಸಾಯನಿಕಗಳ ಸಹಜ ಮಿಶ್ರಣ. ಇವುಗಳಲ್ಲಿ ಕೆಲವು ಹಗುರ, ಕೆಲವು ಭಾರ. ಹಗುರವಾದವು ಬೇಗ ಆವಿಯಾಗಿ ಮೊದಲು ಮೂಗಿಗೆ ಬಡಿಯುತ್ತವೆ. ಭಾರವಾದವು ನಿಧಾನವಾಗಿ ಹೊರಡುತ್ತವೆ. ಹೀಗಾಗಿ ಕಾಗದದ ಮೇಲೆ ಬಿದ್ದ ಒಂದು ಹನಿ ಎಣ್ಣೆ ಬೆಳಗ್ಗೆ ಒಂದು ಬಗೆ, ಮಧ್ಯಾಹ್ನ ಒಂದು ಬಗೆ, ಮರುದಿನ ಇನ್ನೊಂದು ಬಗೆ ನಾರುತ್ತದೆ. ಸುಗಂಧ ಉದ್ಯಮದವರು ಇದನ್ನು ಮೂರು ಹಂತಗಳಾಗಿ ವಿಂಗಡಿಸುತ್ತಾರೆ. ನಮ್ಮ ಮಾತಿನಲ್ಲಿ ಇವನ್ನು ಮೇಲುಗಂಪು, ನಡುಗಂಪು, ತಳಗಂಪು ಎನ್ನೋಣ.

ಅದ್ದಿದ ಕೂಡಲೇ ಏಳುವುದು ಮೇಲುಗಂಪು. ಇದು ಚುರುಕು, ಹಗುರ, ಅಲ್ಪಾಯುಷಿ. ಕಾಲು ಗಂಟೆಯ ಬಳಿಕ ತೋರಿ ಕೆಲವು ಗಂಟೆಗಳ ಕಾಲ ನಿಲ್ಲುವುದು ನಡುಗಂಪು. ಎಣ್ಣೆಯ ನಿಜವಾದ ಸ್ವಭಾವ ಇಲ್ಲಿ ತಿಳಿಯುತ್ತದೆ. ಮರುದಿನವೂ ಕಾಗದವನ್ನು ಬಿಡದೆ ಉಳಿದಿರುವುದು ತಳಗಂಪು. ಇಂಗ್ಲೆಂಡಿನ ಸುಗಂಧತಜ್ಞ ವಿಲಿಯಂ ಪೌಚರ್ 1955ರಲ್ಲಿ ನೂರಾರು ಸುಗಂಧ ವಸ್ತುಗಳನ್ನು ಅವು ಕಾಗದದ ಮೇಲೆ ಎಷ್ಟು ಕಾಲ ನಿಲ್ಲುತ್ತವೆ ಎಂಬುದನ್ನು ನೋಡಿ 1ರಿಂದ 100ರವರೆಗೆ ಅಂಕ ಕೊಟ್ಟು ಜೋಡಿಸಿದರು. ಅದರಲ್ಲಿ 100 ಅಂಕ ಪಡೆದ ಸಾಲಿನಲ್ಲಿ ನಮ್ಮ ಶ್ರೀಗಂಧ, ಲಾವಂಚ, ಪಚೋಲಿಗಳಿವೆ.

ಸಾಬೂನು, ಊದುಬತ್ತಿ, ಅತ್ತರುಗಳನ್ನು ತಯಾರಿಸುವವರಿಗೆ ಈ ಮೂರೂ ಬೇಕು. ಮೇಲುಗಂಪು ಗಿರಾಕಿಯನ್ನು ಕರೆಯುತ್ತದೆ, ನಡುಗಂಪು ಮೆಚ್ಚಿಸುತ್ತದೆ, ತಳಗಂಪು ಉಳಿದೆರಡನ್ನೂ ಹಿಡಿದು ನಿಲ್ಲಿಸುತ್ತದೆ. ಉತ್ತರ ಪ್ರದೇಶದ ಕನೌಜಿನಲ್ಲಿ ಗುಲಾಬಿ, ಮಲ್ಲಿಗೆಗಳ ಆವಿಯನ್ನು ಶ್ರೀಗಂಧದ ಎಣ್ಣೆಯೊಳಕ್ಕೇ ಇಳಿಸಿ ಅತ್ತರು ಮಾಡುವ ಪದ್ಧತಿ ಬೆಳೆದುಬಂದದ್ದು ಈ ಕಾರಣದಿಂದಲೇ. ಹೂವಿನ ಕಂಪಿಗೆ ಗಂಧದ ತಳ ಬೇಕು. ಬೆರಕೆಯ ಈ ವಿದ್ಯೆ ನಮ್ಮ ನಾಡಿಗೂ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೇ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಲೇಪನ, ಧೂಪಗಳಿಗೆ ಸುಗಂಧ ದ್ರವ್ಯಗಳನ್ನು ಬೆರೆಸುವ ವಿವರಗಳಿವೆ.

ಈಗ ನಮ್ಮಲ್ಲಿ ಬೆಳೆಯಬಹುದಾದ ಮುಖ್ಯ ಎಣ್ಣೆಗಳನ್ನು ಅವುಗಳ ಕಂಪಿನ ಕ್ರಮದಲ್ಲೇ ಪರಿಚಯ ಮಾಡಿಕೊಳ್ಳೋಣ.

ಮೇಲುಗಂಪಿನ ಎಣ್ಣೆ: ನಿಂಬೆ ಹುಲ್ಲು

ಕರಾವಳಿ, ಮಲೆನಾಡುಗಳಲ್ಲಿ ಮಜ್ಜಿಗೆ ಹುಲ್ಲು ಎಂದು ಕರೆಯುವುದು ಇದನ್ನೇ. ಎಲೆಯನ್ನು ಹಿಸುಕಿದರೆ ನಿಂಬೆಸಿಪ್ಪೆಯ ಹುಳಿಗಂಪು ಬರುತ್ತದೆ. ಇದಕ್ಕೆ ಕಾರಣ ಸಿಟ್ರಾಲ್ ಎಂಬ ವಸ್ತು. ಒಳ್ಳೆಯ ಎಣ್ಣೆಯಲ್ಲಿ ಇದು ನೂರಕ್ಕೆ 75ರಿಂದ 85 ಭಾಗ ಇರುತ್ತದೆ. ಅದ್ದಿದ ಕೂಡಲೇ ಕಂಪು ಮೂಗನ್ನು ತುಂಬುತ್ತದೆ. ಕೆಲವು ಗಂಟೆಗಳಲ್ಲಿ ಹುಳಿ ಇಳಿದು ಹುಲ್ಲಿನ ಸೌಮ್ಯ ವಾಸನೆ ಉಳಿಯುತ್ತದೆ. ಮರುದಿನಕ್ಕೆ ಬಹುಪಾಲು ಆರಿಹೋಗುತ್ತದೆ. ಸಾಬೂನು, ನೆಲ ಒರೆಸುವ ದ್ರಾವಣ, ಸೊಳ್ಳೆ ಓಡಿಸುವ ಮುಲಾಮುಗಳಿಗೆ ಇದು ಸಲ್ಲುತ್ತದೆ. ಸಿಟ್ರಾಲಿನಿಂದ ನೇರಳೆ ಹೂವಿನ ಪರಿಮಳದ ಅಯೊನೋನ್ ಎಂಬ ವಸ್ತುವನ್ನೂ, ಅದರ ಮೂಲಕ ‘ಎ’ ಜೀವಸತ್ವವನ್ನೂ ತಯಾರಿಸುವ ಮಾರ್ಗವಿದೆ.

ನೆಟ್ಟ ಸುಮಾರು 90 ದಿನಗಳಿಗೆ ಮೊದಲ ಕೊಯ್ಲು, ಅಲ್ಲಿಂದ 50–60 ದಿನಗಳಿಗೊಮ್ಮೆ ಮುಂದಿನ ಕೊಯ್ಲು. ಸಾಧಾರಣ ಭೂಮಿಯಲ್ಲೂ ಬರುತ್ತದೆ. ಹಣ ಬೇಗ ಕೈಸೇರುತ್ತದೆ. ಆದರೆ ಕೃತಕ ಸಿಟ್ರಾಲ್ ಮಾರುಕಟ್ಟೆಯಲ್ಲಿ ಇರುವುದರಿಂದ ಬೆಲೆ ಬಹಳ ಏರಲಾರದು. ಅಲ್ಲದೆ ಈ ಎಣ್ಣೆ ಗಾಳಿ, ಬೆಳಕುಗಳಿಗೆ ಒಡ್ಡಿಕೊಂಡರೆ ಕೆಡುತ್ತದೆ. ಬೆಲೆ ಏರುವ ತನಕ ಕಾಯುತ್ತೇನೆಂದು ಅರೆತುಂಬಿದ ಡಬ್ಬಿಯನ್ನು ವರ್ಷಗಟ್ಟಲೆ ಇಟ್ಟುಕೊಳ್ಳುವ ಎಣ್ಣೆ ಇದಲ್ಲ.

ನಡುಗಂಪಿನ ಎಣ್ಣೆಗಳು

ಪಾಮರೋಸಾ: ರೋಷಾ ಹುಲ್ಲು ಎಂದೂ ಹೆಸರು. ನೋಡಲು ಹುಲ್ಲು, ಮೂಸಲು ಗುಲಾಬಿ. ಇದರಲ್ಲಿರುವ ಜೆರಾನಿಯೋಲ್ ನೂರಕ್ಕೆ 75ರಿಂದ 90 ಭಾಗ. ಗುಲಾಬಿಯ ಸಿಹಿಯ ಜೊತೆಗೆ ಒಣಹುಲ್ಲಿನ ತೆಳು ವಾಸನೆಯೂ ಇರುತ್ತದೆ. ಅದು ದೋಷವಲ್ಲ. 19ನೇ ಶತಮಾನದಲ್ಲಿ ಈ ಎಣ್ಣೆ ಮುಂಬಯಿಯಿಂದ ತುರ್ಕಿಗೆ ಹೋಗಿ ಅಲ್ಲಿ ಗುಲಾಬಿ ಎಣ್ಣೆಗೆ ಬೆರಕೆಯಾಗುತ್ತಿತ್ತು ಎಂದರೆ ಹೋಲಿಕೆ ಎಷ್ಟೆಂಬುದನ್ನು ಊಹಿಸಬಹುದು. ಇದರಲ್ಲಿ ಮೋತಿಯಾ, ಸೋಫಿಯಾ ಎಂದು ಎರಡು ಬಗೆ. ನೋಟದಲ್ಲಿ ಎರಡೂ ಒಂದೇ ತರಹ. ಗುಲಾಬಿಯ ಕಂಪು ಮೋತಿಯಾದ್ದು. ಸೋಫಿಯಾ ಎಣ್ಣೆ ಒರಟಾಗಿ ಶುಂಠಿಯನ್ನು ನೆನಪಿಸುವಂತಿದ್ದು ಕಡಿಮೆ ಬೆಲೆಗೆ ಹೋಗುತ್ತದೆ. ಆದ್ದರಿಂದ ಬೀಜವನ್ನು ನಂಬಿಕೆಯ ಸಂಸ್ಥೆಯಿಂದಲೇ ಪಡೆಯಬೇಕು. ಎಣ್ಣೆ ಹೆಚ್ಚಾಗಿ ಹೂಗೊಂಚಲಿನಲ್ಲಿ ಇರುವುದರಿಂದ ಹೂ ಅರಳಿ ಒಂದು ವಾರದಿಂದ ಹತ್ತು ದಿನಗಳಲ್ಲಿ ಕೊಯ್ಯುವುದು ಸೂಕ್ತ.

ದವನ: ದವನದ ಹುಣ್ಣಿಮೆಗೆ ದೇವರಿಗೆ ಏರಿಸುವ ದವನದ ಪರಿಚಯ ಎಲ್ಲರಿಗೂ ಇದೆ. ಎಣ್ಣೆಗಾಗಿ ದವನವನ್ನು ವಾಣಿಜ್ಯ ಪ್ರಮಾಣದಲ್ಲಿ ಬೆಳೆಯುವುದು ಹೆಚ್ಚಾಗಿ ದಕ್ಷಿಣ ಭಾರತದಲ್ಲಿ, ಅದರಲ್ಲೂ ಕರ್ನಾಟಕ ಮತ್ತು ನೆರೆಯ ರಾಜ್ಯಗಳಲ್ಲಿ. ಇದರ ಕಂಪು ಬಲು ವಿಶಿಷ್ಟ. ಮೊದಲಿಗೆ ಗಿಡಮೂಲಿಕೆಯ ತೀಕ್ಷ್ಣತೆ, ಸ್ವಲ್ಪ ಹೊತ್ತಿಗೆ ಮಾಗಿದ ಹಣ್ಣಿನ ಸಿಹಿ, ಕೊನೆಗೆ ಚಹದ ಎಲೆಯ ಮೃದುವಾದ ಒಗರು. ದವನೋನ್ ಎಂಬುದು ಇದರ ಮುಖ್ಯ ವಸ್ತು. ಹೊರದೇಶದ ಬೆಲೆಬಾಳುವ ಸುಗಂಧಗಳಲ್ಲಿ ಇದನ್ನು ಹನಿಗಳ ಲೆಕ್ಕದಲ್ಲಿ ಬಳಸುತ್ತಾರೆ. ಅಕ್ಟೋಬರ್–ನವೆಂಬರಿನಲ್ಲಿ ಸಸಿಮಡಿ ಮಾಡಿ, ನಾಟಿ ಮಾಡಿ, ಫೆಬ್ರವರಿ–ಮಾರ್ಚಿನಲ್ಲಿ ಹೂ ತುಂಬಿದಾಗ ಕೊಯ್ಯಬೇಕು. ಮೊಗ್ಗಿನಲ್ಲೇ ಕೊಯ್ದರೆ ಹಣ್ಣಿನ ಸಿಹಿ ತುಂಬಿರುವುದಿಲ್ಲ. ಕೊಯ್ಲಿನ ಹೊತ್ತಿಗೆ ಮಳೆ ಬಿದ್ದರೆ ನಷ್ಟ ಖಂಡಿತ. ಹಳೆಯ ಬೀಜ ಮೊಳೆಯುವುದಿಲ್ಲವಾದ್ದರಿಂದ ಪ್ರತಿ ವರ್ಷ ಹೊಸ ಬೀಜವನ್ನೇ ಬಳಸಬೇಕು.

ಮಲ್ಲಿಗೆ, ಜಾಜಿ, ಸುಗಂಧರಾಜ: ಇವು ಬಟ್ಟಿಯ ಬಿಸಿಗೆ ತಮ್ಮ ಕಂಪನ್ನು ಬಿಟ್ಟುಕೊಡುವುದಿಲ್ಲ. ಬಿಸಿಯಲ್ಲಿ ಪರಿಮಳ ಕೆಡುತ್ತದೆ. ಹೆಕ್ಸೇನಿನಂತಹ ದ್ರಾವಕದಲ್ಲಿ ಹೂವನ್ನು ನೆನೆಸಿ, ದ್ರಾವಕವನ್ನು ಆವಿಗೊಳಿಸಿ, ಮೇಣದಂತಹ ಸಾರವನ್ನು ಪಡೆಯುತ್ತಾರೆ. ಉದ್ಯಮದಲ್ಲಿ ಇದನ್ನು ಕಾಂಕ್ರೀಟ್ ಎನ್ನುತ್ತಾರೆ. 100 ಕಿಲೋ ಜಾಜಿ ಹೂವಿನಿಂದ ಸುಮಾರು 250–350 ಗ್ರಾಂ ಸಾರ ಸಿಗಬಹುದು, ಸುಗಂಧರಾಜದಿಂದ ಇನ್ನೂ ಕಡಿಮೆ. ಇದು ಕಾರ್ಖಾನೆಯ ಕೆಲಸ, ಹೊಲದ ಬದುವಿನಲ್ಲಿ ಆಗತಕ್ಕದ್ದಲ್ಲ. ಬೆಳೆಗಾರರ ಹೊಣೆ ಹೂವನ್ನು ಹೊತ್ತಿಗೆ ಸರಿಯಾಗಿ ಬಿಡಿಸಿ ಬೇಗ ತಲುಪಿಸುವುದು. ಜಾಜಿಯನ್ನು ಬೆಳಗಿನ ಜಾವ ಅರಳಿದ ಕೂಡಲೇ ಬಿಡಿಸಬೇಕು. ಬಿಸಿಲೇರಿದಂತೆ ಕಂಪು ಹಾರುತ್ತದೆ. ಚೀಲದಲ್ಲಿ ಅದುಮಿ ತುಂಬಿದ ಹೂ ಕಾವೇರಿ ಕಂದಿ, ಸಾರದಲ್ಲಿ ಕೊಳೆತ ವಾಸನೆ ಕೊಡುತ್ತದೆ. ಕಾರ್ಖಾನೆ ಎರಡು ಮೂರು ಗಂಟೆಗಳ ದಾರಿಗಿಂತ ದೂರವಿದ್ದರೆ ಈ ಯೋಚನೆ ಬಿಟ್ಟು, ಕಟ್ಟುವ ಹೂವಿನ ಮಾರುಕಟ್ಟೆಯನ್ನೇ ನೆಚ್ಚುವುದು ಲೇಸು.

ತಳಗಂಪಿನ ಎಣ್ಣೆಗಳು

ಲಾವಂಚ: ಮೊದಲ ಮಳೆ ಬಿದ್ದ ಮಣ್ಣು, ತಂಪಾದ ಬೇರು, ಒಣಗಿದ ಮರ, ಇಷ್ಟೂ ಸೇರಿದ ಗಾಢವಾದ ಕಂಪು. ಬೇಸಿಗೆಯಲ್ಲಿ ಕುಡಿಯುವ ನೀರಿಗೆ ಬೇರು ಹಾಕುವ, ಕಿಟಕಿಗೆ ಲಾವಂಚದ ತಟ್ಟಿ ಕಟ್ಟುವ ಮನೆಗಳಲ್ಲಿ ಈ ಕಂಪಿನ ವಿವರಣೆ ಬೇಕಿಲ್ಲ. ನೆಟ್ಟ 15–18 ತಿಂಗಳಿಗೆ ಬೇರು ಅಗೆಯಬೇಕು. ಅದಕ್ಕೆ ಮೊದಲೇ ಅಗೆದ ಬೇರಿನ ಎಣ್ಣೆಯಲ್ಲಿ ಹಸಿರು ವಾಸನೆ ಹೆಚ್ಚು, ಗಾಢತೆ ಕಡಿಮೆ. ಮರಳು ಮಿಶ್ರಿತ ಗೋಡು ಮಣ್ಣಾದರೆ ಅಗೆತ ಸುಲಭ ಮತ್ತು ಬೇರು ಉದ್ದ. ಗುಂಡ್ಲುಪೇಟೆ ಕಡೆ ಹೊಲದ ಅಂಚುಗಳಿಗೆ ಲಾವಂಚ ನೆಡುವ ವಾಡಿಕೆ ಬಹಳ ಹಿಂದಿನದು. ಹಾಗೆ ಮಣ್ಣು ಹಿಡಿಯಲೆಂದು ಬದುವಿಗೆ ಹಚ್ಚಿದ ಸಾಲನ್ನು ಎಣ್ಣೆಯಾಸೆಗೆ ಅಗೆಯಬಾರದು. ಎಣ್ಣೆಗೆ ಬೇರೆ ತಾಕು ಇರಲಿ.

ಪಚೋಲಿ: ಒದ್ದೆ ಮಣ್ಣಿನ, ತೆಳುವಾದ ಕರ್ಪೂರದ, ಹಳೆಯ ಮರದ ಪೆಟ್ಟಿಗೆಯ ಕಂಪು. 19ನೇ ಶತಮಾನದಲ್ಲಿ ನುಸಿ ಹಿಡಿಯದಂತೆ ಕಾಶ್ಮೀರಿ ಶಾಲುಗಳ ನಡುವೆ ಪಚೋಲಿ ಎಲೆ ಇಟ್ಟು ಯೂರೋಪಿಗೆ ಕಳಿಸುತ್ತಿದ್ದರು. ಈ ವಾಸನೆ ಇದ್ದರೇನೇ ಅಸಲಿ ಶಾಲು ಎಂದು ಅಲ್ಲಿಯವರು ನಂಬುವಂತಾಯಿತು. ಅರೆನೆರಳನ್ನು ಬಯಸುವ ಈ ಗಿಡ ತೆಂಗು, ಅಡಿಕೆ ತೋಟಗಳಲ್ಲಿ ಅಂತರ ಬೆಳೆಯಾಗಿ ಒಗ್ಗುತ್ತದೆ. ಐದಾರು ತಿಂಗಳಿಗೆ ಮೊದಲ ಕೊಯ್ಲು. ಎಲೆಯನ್ನು ನೆರಳಿನಲ್ಲಿ ಒಣಗಿಸಿ ಬಟ್ಟಿ ಇಳಿಸಿದರೆ ನೂರಕ್ಕೆ 2.5ರಿಂದ 3.5ರಷ್ಟು ಎಣ್ಣೆ ಬರುತ್ತದೆ. ಬೇರುಗಂಟು ಜಂತುಹುಳು ಇದರ ದೊಡ್ಡ ಶತ್ರು. ಆದ್ದರಿಂದ ಟೊಮ್ಯಾಟೋ, ಬದನೆ ಬೆಳೆದು ಬೇರುಗಂಟು ಕಂಡ ಭೂಮಿಯನ್ನು ಬಿಡಬೇಕು. ಹೊಸ ಪಚೋಲಿ ಎಣ್ಣೆ ಒರಟು, ಇಟ್ಟಷ್ಟೂ ಕಂಪು ಮೃದುವಾಗುತ್ತದೆ. ಸರಿಯಾದ ಪಾತ್ರೆಯಲ್ಲಿಟ್ಟು ಬೆಲೆಗಾಗಿ ಕಾಯಬಹುದಾದ ಎಣ್ಣೆ ಇದು.

ಶ್ರೀಗಂಧ: ಹಾಲಿನ ಕೆನೆಯಂತೆ ನುಣುಪಾದ, ಎಲ್ಲಿಯೂ ಕುಕ್ಕದ, ದಿನಗಟ್ಟಲೆ ಒಂದೇ ಸಮನೆ ಇರುವ ಮರಗಂಪು. ಮೇಲುಗಂಪು ಬಹುತೇಕ ಇಲ್ಲ. ಅದ್ದಿದ ಕೂಡಲೇ ಬಲವಾಗಿ ನಾರುವ ‘ಗಂಧದೆಣ್ಣೆ’ಯನ್ನು ಅನುಮಾನದಿಂದ ನೋಡಬೇಕು. ಬೆಂಗಳೂರಿನಲ್ಲಿ 1916ರಲ್ಲಿ ಸರ್ಕಾರಿ ಗಂಧದೆಣ್ಣೆ ತಯಾರಿಕೆ ಆರಂಭವಾಯಿತು. ಅಂದಿನಿಂದ ಮೈಸೂರಿನ ಗಂಧವೆಂದರೆ ಲೋಕಕ್ಕೇ ಅಳತೆಗೋಲು. 2001ರಲ್ಲಿ ಕಾನೂನು ತಿದ್ದುಪಡಿಯಾದ ಮೇಲೆ ಜಮೀನಿನ ಒಡೆಯನೇ ತನ್ನ ಭೂಮಿಯ ಗಂಧದ ಮರಗಳ ಒಡೆಯ. ಆದರೂ ಕಡಿಯುವ, ಸಾಗಿಸುವ ನಿಯಮಗಳನ್ನು ಅರಣ್ಯ ಇಲಾಖೆಯಿಂದ ತಿಳಿದುಕೊಂಡೇ ಹೆಜ್ಜೆ ಇಡಬೇಕು. ಇದು ಪರಾವಲಂಬಿ ಮರ. ತೊಗರಿ, ಸರ್ವೆಯಂತಹ ಆಸರೆ ಗಿಡಗಳು ಪಕ್ಕದಲ್ಲಿರಬೇಕು. ಕಂಪಿರುವುದು ಚೇಗಿನಲ್ಲಿ ಮತ್ತು ಬೇರಿನಲ್ಲಿ. ಚೇಗು ತಕ್ಕಷ್ಟು ತುಂಬಲು 15 ವರ್ಷಗಳಾದರೂ ಬೇಕು. ಕಳ್ಳಕಾಕರ ಕಾವಲಿನ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಮೂಸುವ ಕ್ರಮ

ಬಿಳಿಯ ಒತ್ತುಕಾಗದವನ್ನು ಅರ್ಧ ಬೆರಳಗಲ, ಗೇಣುದ್ದದ ಪಟ್ಟಿಗಳಾಗಿ ಕತ್ತರಿಸಿಕೊಳ್ಳಿ. ಪಟ್ಟಿಯ ಒಂದು ತುದಿಯಲ್ಲಿ ಪೆನ್ಸಿಲಿನಿಂದ ಎಣ್ಣೆಯ ಹೆಸರು, ಬಟ್ಟಿ ಇಳಿಸಿದ ದಿನ, ಅದ್ದಿದ ಹೊತ್ತನ್ನು ಬರೆಯಿರಿ. ಇನ್ನೊಂದು ತುದಿಯನ್ನು ಅರ್ಧ ಅಂಗುಲ ಮಾತ್ರ ಅದ್ದಿ. ಪಕ್ಕದಲ್ಲಿ ಒಳ್ಳೆಯದೆಂದು ಖಚಿತವಾಗಿರುವ ಎಣ್ಣೆಯ ಇನ್ನೊಂದು ಪಟ್ಟಿ ಇರಲೇಬೇಕು. ಹೋಲಿಕೆಯಿಲ್ಲದೆ ಮೂಗು ಸಾಕ್ಷಿ ಹೇಳಲಾರದು. ಇಂತಹ ಮಾದರಿಗಾಗಿ ನಿಮ್ಮದೇ ಒಳ್ಳೆಯ ವರ್ಷದ ಎಣ್ಣೆಯನ್ನು ಕಂದು ಬಣ್ಣದ ಸಣ್ಣ ಸೀಸೆಯಲ್ಲಿ ಕುತ್ತಿಗೆಯವರೆಗೆ ತುಂಬಿ, ಬಿಗಿಯಾಗಿ ಮುಚ್ಚಿ, ತಂಪಾದ ಜಾಗದಲ್ಲಿ ಇಟ್ಟುಕೊಳ್ಳಿ.

ಪಟ್ಟಿಯನ್ನು ಮೂಗಿಗೆ ತಾಗಿಸದೆ ಒಂದಂಗುಲ ದೂರ ಹಿಡಿದು ಹಗುರವಾಗಿ ಉಸಿರೆಳೆಯಿರಿ. ಅದ್ದಿದ ಕೂಡಲೇ ಒಮ್ಮೆ, ಒಂದು ಗಂಟೆಯ ಬಳಿಕ ಒಮ್ಮೆ, ಮರುದಿನ ಬೆಳಗ್ಗೆ ಒಮ್ಮೆ, ಹೀಗೆ ಮೂರು ಸಲ ಮೂಸಿ, ತೋಚಿದ ಮಾತನ್ನು ಆಗಲೇ ಬರೆದಿಡಿ. ಒಂದು ಸರದಿಗೆ ಮೂರು ನಾಲ್ಕು ಪಟ್ಟಿಗಳಿಗಿಂತ ಹೆಚ್ಚು ಬೇಡ, ಮೂಗು ದಣಿಯುತ್ತದೆ. ಎಲೆ ಅಡಿಕೆ ಜಗಿದ ಮೇಲೆ, ಬೀಡಿ ಸೇದಿದ ಮೇಲೆ, ನೆಗಡಿ ಇರುವಾಗ ಈ ಕೆಲಸ ಬೇಡ. ಬಟ್ಟಿಯ ಬಳಿ ನಿಂತು ಮೂಸುವುದೂ ವ್ಯರ್ಥ. ಅಲ್ಲಿಯ ಗಾಳಿಯೆಲ್ಲ ಅದೇ ವಾಸನೆ. ಅಡಿಗೆಮನೆಯ ಮಸಾಲೆಗಳಲ್ಲಿ ಕೈಪಳಗಿದ ಮನೆಯ ಹೆಂಗಸರು ಈ ಪರೀಕ್ಷೆಯಲ್ಲಿ ಗಂಡಸರಿಗಿಂತ ಸೂಕ್ಷ್ಮವಾಗಿ ಮಾತಾಡುವುದುಂಟು. ಅವರನ್ನೂ ಕೇಳಿ.

ಪದಗಳಿಗೆ ಪರದಾಡಬೇಕಿಲ್ಲ. ಸೀದ, ಮುಗ್ಗಿದ, ಕಮಟು, ಹುಳಿ, ಒಗರು, ಹಸಿ, ಮಣ್ಣು, ಹೊಗೆ, ಕರ್ಪೂರ ಎಂಬ ನಮ್ಮ ಮಾತುಗಳು ಸಾಕು. ವ್ಯಾಪಾರಿಯ ಬಾಯಲ್ಲಿ ಬರುವುದೂ ಬಹುಮಟ್ಟಿಗೆ ಇವೇ ಅರ್ಥದ ಮಾತುಗಳು.

ಕಂಪಿನ ದೋಷ, ಕೆಲಸದ ದೋಷ

ಮೂರು ಸಲ ಮೂಸುವುದರಿಂದ ಇನ್ನೊಂದು ದೊಡ್ಡ ಲಾಭವಿದೆ. ಎಣ್ಣೆಯ ಪ್ರತಿಯೊಂದು ದೋಷವೂ ಹೊಲದಲ್ಲೋ ಬಟ್ಟಿಯಲ್ಲೋ ನಡೆದ ಒಂದು ಕೆಲಸವನ್ನು ಬೊಟ್ಟುಮಾಡಿ ತೋರಿಸುತ್ತದೆ.

ಸೀದ ವಾಸನೆ: ಸೊಪ್ಪು ಬಟ್ಟಿಪಾತ್ರೆಯ ತಳಕ್ಕೆ ತಾಗಿ ಸುಟ್ಟಿದೆ, ಅಥವಾ ನೀರು ಬತ್ತಿದೆ. ನೀರಿನ ಮಟ್ಟದಿಂದ ಮೇಲೆ ತೂತಿನ ತಟ್ಟೆ ಇಟ್ಟು ಅದರ ಮೇಲೆ ಸೊಪ್ಪು ತುಂಬಬೇಕು. ಸಾಧ್ಯವಾದರೆ ಬೇರೆ ಬಾಯ್ಲರಿನಿಂದ ಹಬೆ ಹಾಯಿಸುವುದು ಇನ್ನೂ ಉತ್ತಮ. ಸೀದ ವಾಸನೆಯನ್ನು ಆಮೇಲೆ ಪೂರ್ತಿ ತೆಗೆಯುವುದು ಕಷ್ಟ.

ಮುಗ್ಗಿದ ಅಥವಾ ಹುಳಿತ ವಾಸನೆ: ಕೊಯ್ದ ಸೊಪ್ಪನ್ನು ರಾಶಿ ಹಾಕಿ ಕಾವೇರಲು ಬಿಟ್ಟಿದ್ದೀರಿ, ಅಥವಾ ಇಬ್ಬನಿ ಆರುವ ಮುನ್ನ ಕೊಯ್ದಿದ್ದೀರಿ. ನೆರಳಿನಲ್ಲಿ ತೆಳ್ಳಗೆ ಹರಡಿ, ಆಗಾಗ ತಿರುವಿ ಹಾಕಬೇಕು.

ಅಪರಿಚಿತ ಕಟುವಾಸನೆ: ಬೆಳೆಯೊಡನೆ ಕಳೆಯೂ ಬಟ್ಟಿ ಸೇರಿದೆ. ತುಂಬೆ, ನಾಯಿತುಳಸಿ, ಪಾರ್ಥೇನಿಯಂಗಳಂತಹ ಗಿಡಗಳು ಸ್ವಲ್ಪವೇ ಸೇರಿದರೂ ಎಣ್ಣೆಯ ಹೆಸರು ಕೆಡುತ್ತದೆ. ಧಾನ್ಯದ ಬೆಳೆಯಲ್ಲಿ ಕಳೆ ಇಳುವರಿಯನ್ನಷ್ಟೇ ತಿನ್ನುತ್ತದೆ, ಸುಗಂಧ ಬೆಳೆಯಲ್ಲಿ ಬೆಲೆಯನ್ನೂ ತಿನ್ನುತ್ತದೆ. ಕೊಯ್ಲಿಗೆ ಒಂದು ವಾರ ಮುಂಚೆ ಕೊನೆಯ ಸಲ ಕಳೆ ಕಿತ್ತು ಹೊರಹಾಕಬೇಕು.

ಇನ್ನೊಂದು ಬೆಳೆಯ ವಾಸನೆ: ನಿಂಬೆ ಹುಲ್ಲು ಇಳಿಸಿದ ಬಟ್ಟಿಯನ್ನು ತೊಳೆಯದೆ ದವನ ತುಂಬಿದರೆ ದವನದ ಮೇಲುಗಂಪಿನಲ್ಲಿ ನಿಂಬೆ ತಲೆಯೆತ್ತುತ್ತದೆ. ಬಾಡಿಗೆ ಬಟ್ಟಿಗಳಲ್ಲಿ ಇದು ಸಾಮಾನ್ಯ. ಬೆಳೆ ಬದಲಾದಾಗ ಪಾತ್ರೆ, ಕೊಳವೆಗಳನ್ನು ತೊಳೆದು, ಬರಿಯ ಹಬೆಯನ್ನು ಒಂದೆರಡು ಗಂಟೆ ಹಾಯಿಸಬೇಕು.

ತಳಗಂಪು ಇಲ್ಲದಿರುವುದು: ಸೌದೆ ಉಳಿಸಲು ಬೆಂಕಿಯನ್ನು ಬೇಗ ಆರಿಸಿದ್ದೀರಿ. ಲಾವಂಚ, ಪಚೋಲಿಗಳ ಭಾರವಾದ ಅಂಶಗಳು ಕೊನೆಗೆ ಇಳಿಯುತ್ತವೆ. ಲಾವಂಚಕ್ಕೆ 18–24 ಗಂಟೆಗಳ ಸತತ ಹಬೆ ಬೇಕಾಗುತ್ತದೆ. ಕೊನೆಯ ಗಂಟೆಗಳಲ್ಲಿ ಬರುವ ಎಣ್ಣೆ ಅಳತೆಯಲ್ಲಿ ಕಡಿಮೆ ಕಂಡರೂ ಬೆಲೆಯನ್ನು ಹಿಡಿದು ನಿಲ್ಲಿಸುವುದು ಅದೇ.

ಕಪ್ಪುಗೆಂಪು ಬಣ್ಣ, ಮಂಕು: ಕಬ್ಬಿಣದ ಪಾತ್ರೆಯಲ್ಲಿ ಇಳಿಸಿದ ಪಚೋಲಿ ಕಪ್ಪಾಗುತ್ತದೆ. ತುಕ್ಕು ಹಿಡಿಯದ ಉಕ್ಕಿನ ಬಟ್ಟಿಯೇ ಸರಿ. ಎಣ್ಣೆ ಮಂಕಾಗಿದ್ದರೆ ನೀರು ಉಳಿದಿದೆ ಎಂದರ್ಥ. ನೀರಿನಂಶವಿಲ್ಲದ ಸೋಡಿಯಂ ಸಲ್ಫೇಟ್ ಹಾಕಿ ಕದಡಿ, ತಿಳಿಯಾದ ಮೇಲೆ ಸೋಸಬೇಕು.

ಇವಲ್ಲದೆ, ಹೊಸದಾಗಿ ಇಳಿಸಿದ ಯಾವ ಎಣ್ಣೆಗೂ ಬೆಂದ ಸೊಪ್ಪಿನ ಹಸಿವಾಸನೆ ಇರುತ್ತದೆ. ಕೆಲವು ವಾರಗಳಲ್ಲಿ ತಾನಾಗಿ ಹೋಗುತ್ತದೆ. ಬಟ್ಟಿಯಿಂದ ಇಳಿದ ದಿನವೇ ಮಾರಲು ಓಡಿದವರಿಗೆ ಇದನ್ನೇ ದೋಷವೆಂದು ತೋರಿಸಿ ಬೆಲೆ ಇಳಿಸುವ ಸಾಧ್ಯತೆ ಇದೆ.

ಬೆರಕೆಯ ವಿಷಯದಲ್ಲಿ ಒಂದು ಸುಲಭ ಪರೀಕ್ಷೆಯನ್ನು ತಿಳಿದಿರಿ. ನಿಂಬೆ ಹುಲ್ಲು, ಪಾಮರೋಸಾ ಎಣ್ಣೆಗಳ ಹನಿಯನ್ನು ಕಾಗದದ ಮೇಲೆ ಬಿಟ್ಟು ಒಂದೆರಡು ದಿನ ಗಾಳಿಗೆ ಇಟ್ಟರೆ ಜಿಡ್ಡಿನ ಕಲೆ ಉಳಿಯಬಾರದು. ಬೆಳಕಿಗೆ ಹಿಡಿದಾಗ ಪಾರದರ್ಶಕ ಕಲೆ ಎದ್ದು ಕಂಡರೆ ಕೊಬ್ಬರಿ ಎಣ್ಣೆಯೋ ಹರಳೆಣ್ಣೆಯೋ ಸೇರಿದೆ. ಸೀಮೆಎಣ್ಣೆ ಸೇರಿದ್ದರೆ ಮೊದಲ ಮೂಸುವಿಕೆಯಲ್ಲೇ ಸಿಕ್ಕಿಬೀಳುತ್ತದೆ. ಲಾವಂಚ, ಪಚೋಲಿ, ಶ್ರೀಗಂಧಗಳಿಗೆ ಈ ಕಲೆಯ ಪರೀಕ್ಷೆ ಸಲ್ಲದು. ಅವು ಶುದ್ಧವಾಗಿದ್ದರೂ ಬಹುದಿನ ಕಲೆ ಬಿಡುತ್ತವೆ. ದೊಡ್ಡ ಕೊಳ್ಳುಗರು ಗ್ಯಾಸ್ ಕ್ರೊಮ್ಯಾಟೋಗ್ರಫಿ ಯಂತ್ರದಿಂದ ಎಣ್ಣೆಯ ಒಂದೊಂದು ಅಂಶವನ್ನೂ ಅಳೆಯುತ್ತಾರೆ. ಒಮ್ಮೆ ಬೆರಕೆ ಪತ್ತೆಯಾದರೆ ನಿಮ್ಮೊಬ್ಬರ ಹೆಸರಲ್ಲ, ನಿಮ್ಮ ಇಡೀ ಊರಿನ ಎಣ್ಣೆಯ ಹೆಸರು ಹೋಗುತ್ತದೆ.

ಯಾರಿಗೆ ಯಾವ ಎಣ್ಣೆ?

ಈ ಬೆಳೆಗಳನ್ನು ಕಂಪಿನ ಕ್ರಮದಲ್ಲಿ ಜೋಡಿಸಿದಾಗ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಬೇಗ ಆರುವ ಕಂಪಿನ ಬೆಳೆ ಬೇಗ ಕೈಗೆ ಬರುತ್ತದೆ, ನಿಧಾನವಾಗಿ ಆರುವ ಕಂಪಿನ ಬೆಳೆ ಬಹುಮಟ್ಟಿಗೆ ಕಾಯಿಸುತ್ತದೆ. ಇದು ಪ್ರಕೃತಿಯ ನಿಯಮವೇನಲ್ಲ. ಆದರೆ ಬೆಳೆ ಆಯುವಾಗ ನೆನಪಿಡಲು ಅನುಕೂಲ.

ಖುಷ್ಕಿ ಅಂಚಿನ ಸಾಧಾರಣ ಭೂಮಿ, ಆಗಾಗ ಹಣದ ಅಗತ್ಯ, ಹತ್ತಿರದಲ್ಲೇ ಬಟ್ಟಿ ಇದ್ದವರಿಗೆ ನಿಂಬೆ ಹುಲ್ಲು ಅಥವಾ ಪಾಮರೋಸಾ ಹೊಂದುತ್ತದೆ. ಚಳಿಗಾಲದಲ್ಲಿ ನೀರಾವರಿ, ಮನೆಮಂದಿಯ ದುಡಿಮೆ, ಕಂಪಿನ ಬಗ್ಗೆ ಕಾಳಜಿ ಇರುವವರಿಗೆ ದವನ. ತೆಂಗು, ಅಡಿಕೆ ತೋಟದಲ್ಲಿ ನೆರಳೂ ತೇವವೂ ಇದ್ದರೆ ಪಚೋಲಿ. ಒಂದೂವರೆ ವರ್ಷ ಕಾಯಬಲ್ಲ, ಮರಳು ಮಣ್ಣಿರುವವರಿಗೆ ಲಾವಂಚ. ಮಕ್ಕಳ ಕಾಲಕ್ಕೆಂದು ಯೋಚಿಸುವವರಿಗೆ, ಕಾವಲು ಕಾಯಬಲ್ಲವರಿಗೆ ಶ್ರೀಗಂಧ. ಲಾವಂಚ, ಪಚೋಲಿಗಳ ಪೂರ್ಣ ಕಂಪನ್ನು ಕೊಡುವ ಕೃತಕ ಎಣ್ಣೆ ಇನ್ನೂ ಬಂದಿಲ್ಲವೆಂಬುದು ಬೆಳೆಗಾರರಿಗೆ ಧೈರ್ಯದ ಮಾತು. ಆದರೆ ಕಾರ್ಖಾನೆ ಸೃಷ್ಟಿಸಲಾರದ ಆ ಕಂಪು ನಮ್ಮ ಡಬ್ಬಿಯಲ್ಲಿ ಇದ್ದರೆ ಮಾತ್ರ ಆ ಧೈರ್ಯಕ್ಕೆ ಅರ್ಥ.

ಯಾವುದನ್ನೇ ಆಯ್ದರೂ ಮೊದಲ ವರ್ಷ ಕಾಲು ಎಕರೆಗೆ ಮೀರಬೇಡಿ. ನಾಟಿಗೆ ಮುಂಚೆಯೇ ಕೊಳ್ಳುವವರು ಯಾರು, ಬಟ್ಟಿ ಎಲ್ಲಿ, ಎಷ್ಟು ದೂರ ಎಂದು ವಿಚಾರಿಸಿ. ಸಸಿ ಮಾರುವವರೇ ಎಣ್ಣೆಯನ್ನೂ ಕೊಳ್ಳುತ್ತೇವೆಂದು ಬಾಯಿಮಾತಿನ ಭರವಸೆ ಕೊಟ್ಟರೆ ಬರವಣಿಗೆಯಲ್ಲಿ ಕೇಳಿ. ಸುಗಂಧ ತೈಲಗಳ ಬೆಲೆ ವರ್ಷದಿಂದ ವರ್ಷಕ್ಕೆ ಬಹಳ ಏರಿಳಿಯುತ್ತದೆ. ಒಂದು ವರ್ಷದ ಬೆಲೆ ಕಂಡು ಊರೆಲ್ಲ ಒಂದೇ ಬೆಳೆ ಹಾಕುವುದು ಅಪಾಯ.

ಮಾರುವ ದಿನ ನೆನಪಿಡಬೇಕಾದ ಮಾತುಗಳು

1. ಒಂದೊಂದು ಸಲ ಇಳಿಸಿದ ಎಣ್ಣೆಯನ್ನೂ ಬೇರೆ ಬೇರೆ ಡಬ್ಬಿಯಲ್ಲಿಡಿ. ಮೂಸಿ ನೋಡದೆ ಒಂದಕ್ಕೊಂದು ಸುರಿಯಬೇಡಿ. ಒಂದು ಸೀದ ತಂಡ ನಾಲ್ಕು ಒಳ್ಳೆಯ ತಂಡಗಳನ್ನು ಕೆಡಿಸುತ್ತದೆ.

2. ಅಲ್ಯೂಮಿನಿಯಂ, ತುಕ್ಕು ಹಿಡಿಯದ ಉಕ್ಕು ಅಥವಾ ಗಾಜಿನ ಪಾತ್ರೆ ಬಳಸಿ. ಸಾಧಾರಣ ಪ್ಲಾಸ್ಟಿಕ್ ಕ್ಯಾನು, ಸೀಮೆಎಣ್ಣೆಯ ಹಳೆಯ ಡಬ್ಬಿ ಬೇಡವೇ ಬೇಡ.

3. ಪಾತ್ರೆ ತುಂಬಿರಲಿ, ಮುಚ್ಚಳ ಬಿಗಿಯಿರಲಿ, ಬಿಸಿಲು ತಾಗದಿರಲಿ.

4. ಪ್ರತಿ ತಂಡದಿಂದ ಒಂದು ಸಣ್ಣ ಸೀಸೆ ಮಾದರಿಯನ್ನು ದಿನಾಂಕ ಬರೆದು ಮನೆಯಲ್ಲೇ ಇಟ್ಟುಕೊಳ್ಳಿ. ಆಮೇಲೆ ತಕರಾರು ಬಂದರೆ ಅದೇ ನಿಮ್ಮ ಸಾಕ್ಷಿ.

5. ವ್ಯಾಪಾರಿ ಮೂಸುವಾಗ ನೀವೂ ಪಟ್ಟಿ ಕೇಳಿ ಮೂಸಿ. “ಯಾವ ದೋಷ, ಎಷ್ಟು ಹೊತ್ತಿನ ಬಳಿಕ ಬರುತ್ತದೆ?” ಎಂದು ಕೇಳಿ. ದೋಷ ನಿಜವಾಗಿದ್ದರೆ ಒಪ್ಪಿಕೊಂಡು ಮುಂದಿನ ತಂಡದಲ್ಲಿ ತಿದ್ದಿಕೊಳ್ಳಿ. ನಿಮ್ಮ ಪಟ್ಟಿಯಲ್ಲಿ ಅದು ಮೂರು ಸಲವೂ ಕಂಡಿರದಿದ್ದರೆ ಅಂದು ಮಾರದೆ ಹಿಂದಿರುಗುವ ಹಕ್ಕು ನಿಮಗಿದೆ.

ಸುಗಂಧ ಬೆಳೆಗಳ ಬೇಸಾಯ ಕ್ರಮ, ತಳಿ ಮತ್ತು ಬೀಜಗಳ ಬಗ್ಗೆ ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿಯೂ, ಬೆಂಗಳೂರಿನಲ್ಲಿರುವ ಕೇಂದ್ರೀಯ ಔಷಧೀಯ ಮತ್ತು ಸುಗಂಧ ಸಸ್ಯಗಳ ಸಂಸ್ಥೆಯ ಸಂಶೋಧನಾ ಕೇಂದ್ರದಲ್ಲಿಯೂ ವಿಚಾರಿಸಬಹುದು. ಹೋಗುವಾಗ ನಿಮ್ಮ ಮಣ್ಣಿನ ಪರೀಕ್ಷೆಯ ಚೀಟಿಯನ್ನು ಕೊಂಡೊಯ್ಯಿರಿ. ಎಣ್ಣೆ ಈಗಾಗಲೇ ತೆಗೆದಿದ್ದರೆ ಒಂದು ಸಣ್ಣ ಸೀಸೆ ಮಾದರಿಯನ್ನೂ, ಮೂರು ಸಲ ಮೂಸಿ ಬರೆದಿಟ್ಟ ಚೀಟಿಯನ್ನೂ ಮರೆಯಬೇಡಿ. ಆ ಚೀಟಿಯಲ್ಲಿ ನಾಲ್ಕು ಮಾತು ಇದ್ದರೂ ಸಾಕು, ತಜ್ಞರು ನಿಮ್ಮ ಹೊಲದ ಮತ್ತು ಬಟ್ಟಿಯ ಕೆಲಸವನ್ನು ತಿದ್ದಲು ಎಲ್ಲಿಂದ ಆರಂಭಿಸಬೇಕೆಂಬುದು ತಿಳಿಯುತ್ತದೆ.